ತಲೆಗೂ ಪೈಪಿಗೂ ನಡುವೆ

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು. ಬೋಲ್ಟು ಕದಲದಿದ್ದರೆ ಬೋಲ್ಟಿನ ವಂಶವನ್ನೇ ಜಾಲಾಡುವ ಹುಡುಗ. ವೆಲ್ಡಿಂಗಿಗೆ ಕೂತಾಗ ಮಾತ್ರ ಬಾಯಿ ಬಂದ್.

ಹೋದ ಬೇಸಿಗೆಯಲ್ಲಿ ಅಡ್ಡರಸ್ತೆಯಿಂದ ನುಗ್ಗಿದ ಟೆಂಪೊ ಗುದ್ದಿ ಅವನ ಹಳೇ ಕಾರು ಪಲ್ಟಿ ಹೊಡೆದಿತ್ತು. ಟೆಂಪೊದವನು ನಿಂತು ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಅಕ್ಕ ಇದ್ದಳು. ತರಚು ಗಾಯ ಬಿಟ್ಟರೆ ಇಬ್ಬರಿಗೂ ಏನೂ ಆಗಲಿಲ್ಲ, ಆದರೆ ಅಕ್ಕನ ನಿದ್ದೆ ಹಾರಿಹೋಯಿತು. ಬೇಕರಿಯಲ್ಲಿ ನಸುಕಿನಿಂದ ಒಲೆ ಮುಂದೆ ನಿಂತು, ಮಧ್ಯಾಹ್ನ ಅವನ ಕಾರು ಹತ್ತಿದರೆ ಮೊದಲ ತಿರುವಿಗೇ ಗೊರಕೆ ಹೊಡೆಯುತ್ತಿದ್ದವಳು, ಕಾರು ರಿಪೇರಿಯಾಗಿ ಬಂದ ಮೇಲೆ ಮನೆ ಮುಟ್ಟುವ ತನಕ ಬಾಗಿಲ ಹಿಡಿಯನ್ನು ಬಿಗಿಹಿಡಿದು ಕೂರುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನು ಅಡ್ಡ ಬಂದ ಗಾಡಿಯವರನ್ನೆಲ್ಲ ಬಯ್ಯುತ್ತಿದ್ದ.

“ಒಳಗೆ ಪೂರ್ತಿ ರೋಲ್ ಕೇಜ್ ಕಟ್ತೀನಿ” ಅಂದ ಗ್ಯಾರೇಜಿನ ಮೇಸ್ತ್ರಿಗೆ. “ಹಿಂದೆ, ಮುಂದೆ, ತಲೆ ಮೇಲೆ, ಎಲ್ಲಾ ಕಡೆ ಪೈಪು. ಎಷ್ಟು ಪಲ್ಟಿ ಬೇಕಾದ್ರೂ ಹೊಡೀಲಿ, ಅಕ್ಕನ ಕೂದಲು ಕೊಂಕಬಾರದು.”

“ಅದು ರೇಸಿನವರಿಗೆ ಕಣೋ. ಅವರು ಹೆಲ್ಮೆಟ್ ಹಾಕ್ಕೊಂಡು, ಮೈಯೆಲ್ಲಾ ಬೆಲ್ಟು ಬಿಗಿದು ಕೂರ್ತಾರೆ. ದಿನಾ ರಸ್ತೆ ಮೇಲೆ ಓಡೋ ಗಾಡಿಗೆ ರೋಲ್ ಬಾರ್ ಸಾಕು, ಸೀಟಿನ ಹಿಂದೆ ಒಂದು ಕಮಾನು. ಹೆಲ್ಮೆಟ್ ಇಲ್ಲದ ತಲೆ ಪಕ್ಕ ಪೈಪಿಟ್ರೆ ಸುತ್ತಿಗೆ ಇಟ್ಟ ಹಾಗೆ.”

“ಸ್ಪಂಜು ಸುತ್ತುತೀನಿ.”

“ಸುತ್ತು. ಕಬ್ಬಿಣಕ್ಕೆ ಕಂಬಳಿ ಹೊದಿಸಿದ್ರೆ ಹತ್ತಿ ಆಗತ್ತಾ?”

“ನೀವು ಪಲ್ಟಿ ಹೊಡೆದಿದ್ದೀರಾ? ಇಲ್ಲ ತಾನೇ? ಹಾಗಾದ್ರೆ ಸುಮ್ನಿರಿ!”

ಮೇಸ್ತ್ರಿ ತಮ್ಮ ಕೆಲಸಕ್ಕೆ ತಿರುಗಿದರು. ಕೆಂಡ ತನ್ನ ಹಟ ಸಾಧಿಸಿದ.

ಕೇಜು ಮುಗಿದ ದಿನ ಬೇಕರಿ ಮುಂದೆ ಕಾರು ನಿಲ್ಲಿಸಿದ. ಅಕ್ಕ ಬಗ್ಗಿ ಇಣುಕಿದಳು.

“ಏನೋ ಇದು, ಹಕ್ಕಿ ಪಂಜರ?”

“ಹಕ್ಕಿ ಅಂತ ಯಾರಂದ್ರು? ಎಮ್ಮೆ ಕೊಟ್ಟಿಗೆ. ಬಾ ಒಳಗೆ.”

ಅವನ ಬೆನ್ನಿಗೊಂದು ಗುದ್ದಿ ಕೂತಳು. ಅವನು ಹಸುಗೂಸನ್ನು ಹೊತ್ತವನಂತೆ ಓಡಿಸಿದ. ಹಾರ್ನ್ ಒತ್ತಲಿಲ್ಲ. ಅಡ್ಡ ಬಂದ ಸ್ಕೂಟರಿನವನಿಗೂ ದಾರಿ ಬಿಟ್ಟ. ಸಿಗ್ನಲ್ ದಾಟುವಷ್ಟರಲ್ಲಿ ಬಾಗಿಲ ಹಿಡಿಯಿಂದ ಅಕ್ಕನ ಕೈ ಜಾರಿ ಮಡಿಲಿಗೆ ಬಿತ್ತು. ನಿದ್ದೆ! ಅವನು ಇನ್ನಷ್ಟು ನಿಧಾನಿಸಿದ.

ಮುಂದಿನ ಗುಂಡಿಯಲ್ಲಿ ಅವಳ ತಲೆ ವಾಲಿ ಪಕ್ಕದ ಪೈಪಿಗೆ ತಾಗಿತು. ಸ್ಪಂಜಿನೊಳಗಿಂದಲೂ ಟೊಕ್ ಎಂದಿತು. ದಣಿದ ಜೀವ, ಏಳಲಿಲ್ಲ. ಮತ್ತೆ ಟೊಕ್. ನಡೆಯುವವರಷ್ಟು ನಿಧಾನದಲ್ಲಿ ಇಷ್ಟಾದರೆ, ಆ ಟೆಂಪೊ ಮತ್ತೊಮ್ಮೆ ಬಂದರೆ? ಕಾರನ್ನು ಬದಿಗೆ ಹಾಕಿ, ಕೈ ಚಾಚಿ, ಅವಳ ತಲೆಗೂ ಪೈಪಿಗೂ ನಡುವೆ ಅಂಗೈ ತೂರಿಸಿದ. ಗೇರಿನ ಹಿಡಿ ಪಕ್ಕೆಗೆ ಒತ್ತುತ್ತಿದ್ದರೂ ಮಿಸುಕಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಕ್ಕ ಕಣ್ಣು ಬಿಟ್ಟಳು. “ಕೈ ಯಾಕೋ ಇಲ್ಲಿ?”

“ಅಕ್ಕಾ, ಇದನ್ನ ಕತ್ತರಿಸಬೇಕು. ಕತ್ತರಿಸಿದ್ರೆ ನಿನಗೆ ಮತ್ತೆ ನಿದ್ದೆ ಬರಲ್ಲ. ಇಟ್ರೆ ನಿನ್ನ ತಲೆ...” ಪೈಪಿಗೊಂದು ಗುದ್ದಿದ.

“ಪೈಪು ನೋಡಿ ನಿದ್ದೆ ಬಂತು ಅಂದ್ಕೊಂಡ್ಯಾ? ಪೆದ್ದ! ಆವತ್ತಿಂದ ನೀನು ಗಾಡಿ ಓಡಿಸ್ತಿಲ್ಲ, ಯುದ್ಧ ಮಾಡ್ತಿದ್ದೀಯ. ಕಂಡೋರನ್ನೆಲ್ಲ ಬಯ್ಕೊಂಡು, ಹಲ್ಲು ಕಚ್ಕೊಂಡು. ಪಕ್ಕದಲ್ಲಿರೋಳು ಹೇಗೆ ಕಣ್ಣು ಮುಚ್ಚಲಿ? ಇವತ್ತು ಬಾಯಿ ಮುಚ್ಕೊಂಡು ಓಡಿಸಿದೆ.”

“ಅಷ್ಟಕ್ಕೇನಾ?”

“ಅಷ್ಟಕ್ಕೇ.”

ಅವನು ಕಾರನ್ನು ಗ್ಯಾರೇಜಿನತ್ತ ತಿರುಗಿಸಿದ. ಅವನ ಮುಖ ನೋಡಿದ ಮೇಸ್ತ್ರಿ ‘ನಾನು ಹೇಳಿರಲಿಲ್ವಾ’ ಅನ್ನಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಮುಂದಿನ, ಪಕ್ಕದ, ತಲೆ ಮೇಲಿನ ಪೈಪುಗಳಿಗೆ ಕತ್ತರಿಸಬೇಕಾದಲ್ಲಿ ಗೆರೆ ಎಳೆದರು. ಸೀಟಿನ ಹಿಂದಿನ ಕಮಾನಿನ ಹತ್ತಿರ ಅವರ ಕೈ ನಿಂತಿತು.

“ಇದೊಂದು ಇರಲೇನಮ್ಮಾ?”

ಅಕ್ಕ ತಮ್ಮನ ಕಡೆ ನೋಡಿದಳು. ಅವನು ಕಣ್ಣೊರೆಸಿಕೊಂಡಿದ್ದು ಕಾಣಬಾರದೆಂದು ಗ್ರೈಂಡರಿನ ವೈರು ಬಿಡಿಸುತ್ತ ಕೂತಿದ್ದ.

“ಇರಲಿ ಮೇಸ್ತ್ರಿ” ಅಂದಳು. “ಇವನಿಗೂ ನಿದ್ದೆ ಬರಬೇಕಲ್ಲ.”