ಹೊಲಿದ ಅಧ್ಯಾಯ

ನನ್ನ ಬದುಕಿನಲ್ಲಿ ನಾನು ಸ್ವಪ್ರಯತ್ನದಿಂದ ಗಳಿಸಿದ ಕೀರ್ತಿ ಒಂದೇ ಒಂದು. ಶವಪರೀಕ್ಷೆಯ ವೈದ್ಯೆಯೊಬ್ಬಳು ಕೊಲೆಗಳ ಗುಟ್ಟು ಬಿಡಿಸುವ ಪತ್ತೇದಾರಿ ಮಾಲೆಯೊಂದಿದೆ. ಅದರ ನಾಲ್ಕನೆಯ ಸಂಪುಟದಲ್ಲಿ, ಕೊನೆಯ ಅಧ್ಯಾಯವನ್ನು ಓದದೆಯೇ ನಾನು ಕೊಲೆಗಾರನನ್ನು ಹಿಡಿದೆ. ನಗುವವರು ನಗಲಿ, ಅದಕ್ಕಾಗಿ ಪಟ್ಟ ಪಾಡು ನಗುವಂಥದ್ದಲ್ಲ.

ಆ ಕಥೆಯಲ್ಲಿ ಕೆರೆಯಲ್ಲಿ ಒಂದು ಹೆಣ ಸಿಗುತ್ತದೆ. ಕಾಲು ಜಾರಿ ಬಿದ್ದು ಸತ್ತನೆಂದು ಊರೆಲ್ಲ ನಂಬುತ್ತದೆ. ಆದರೆ ಹೆಣದ ಬೂಟಿನ ದಾರವನ್ನು ಶವಾಗಾರದ ಆಳು ಒಂದೇ ಎಳೆತಕ್ಕೆ ಬಿಚ್ಚಿದನೆಂಬ ಸಾಲು ನನ್ನ ಕಣ್ಣಿಗೆ ಮುಳ್ಳಾಗಿ ನಾಟಿತು. ನೀರಿನಲ್ಲಿ ನೆಂದ ಗಂಟು ಅಷ್ಟು ಸಲೀಸಾಗಿ ಬಿಚ್ಚೀತೆ? ನನ್ನ ಕಚೇರಿಯ ಬೂಟುಗಳಿಗೇ ಬಿಗಿಯಾಗಿ ಗಂಟು ಹಾಕಿ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಹವಾಯಿ ಚಪ್ಪಲಿಯಲ್ಲಿ ಕಚೇರಿಗೆ ಹೋಗಿ ಮೇಲಧಿಕಾರಿಯಿಂದ ಬೈಸಿಕೊಂಡೆ. ಹೊರತೆಗೆದಾಗ ಗಂಟು ಕಲ್ಲಾಗಿತ್ತು. ಬಿಚ್ಚಹೋಗಿ ಹೆಬ್ಬೆರಳಿನ ಉಗುರು ಕಿತ್ತುಬಂತು. ಅಂದಮೇಲೆ ಹೆಣಕ್ಕೆ ಬೂಟು ತೊಡಿಸಿದ್ದು ನೀರಿನಿಂದ ಎತ್ತಿದ ಮೇಲೆ, ಎತ್ತಿದವನು ಕೆರೆಯ ಕಾವಲುಗಾರ, ಕೊಂದವನೂ ಅವನೇ. ಕೊನೆಯ ಅಧ್ಯಾಯವು ನನ್ನ ತರ್ಕವನ್ನು ಅಕ್ಷರಶಃ ಎತ್ತಿಹಿಡಿಯಿತು. ಕಚೇರಿಯಲ್ಲಿ ಮೂವತ್ತು ವರ್ಷ ಪರರ ಕರಡುಗಳನ್ನು ತಿದ್ದಿದವನಿಗೆ ಅಂಥ ಒಂದು ದಿನ ಸಾಕು.

ಈ ಮಾಲೆಯನ್ನು ಮನೆಗೆ ತಂದವಳು ನನ್ನ ಹೆಂಡತಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಕಥೆಯ ವೈದ್ಯೆಯನ್ನು ನೆರೆಮನೆಯವಳೆಂಬಂತೆ ‘ಡಾಕ್ಟರಮ್ಮ’ ಎನ್ನುತ್ತಿದ್ದಳು. ಹೊಸ ಸಂಪುಟ ಬಂದೊಡನೆ, ಕಣ್ಣು ಹಾಯಿಸದೆಯೇ ಕೊನೆಯ ಅಧ್ಯಾಯದ ಹಾಳೆಗಳನ್ನು ಒಟ್ಟುಮಾಡಿ ಕೆಂಪು ದಾರದಿಂದ ಅಂಚನ್ನು ಹೊಲಿದುಬಿಡುವುದು ಅವಳ ಕಟ್ಟಳೆ. ದಿನಾ ಸಂಜೆ ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದೆವು. ಹೊಲಿಗೆಯ ತನಕ ಬಂದ ಮೇಲೆ ಇಬ್ಬರೂ ಒಟ್ಟಿಗೆ, ಒಂದೇ ಉಸಿರಿನಲ್ಲಿ, ಅಪರಾಧಿಯ ಹೆಸರು ಹೇಳಬೇಕು, ಆಮೇಲೆಯೇ ಕತ್ತರಿ. ಅದಕ್ಕೆ ಮುಂಚೆ ಬಾಯಿಬಿಡುವಂತಿಲ್ಲ. ನಾಲ್ಕನೆಯದೊಂದನ್ನುಳಿದು ಎಲ್ಲದರಲ್ಲೂ ಗೆದ್ದವಳು ಅವಳೇ ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ನ್ಯಾಯವಾಗದು.

ಎಂಟನೆಯ ಸಂಪುಟದಲ್ಲಿ ಹೊಲಿಗೆಯ ಬಾಗಿಲಿಗೆ ಬಂದು ನಿಂತಿದ್ದೆವು. “ಕಣ್ಣು ಎಳೀತಿದೆ ರೀ, ಹೆಸರು ನಾಳೆ ಹೇಳೋಣ” ಎಂದಳು. ಮರುದಿನ ಬೆಳಿಗ್ಗೆ ಯಂತ್ರದ ಮುಂದೆ ಕುಳಿತಲ್ಲೇ ಒರಗಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅಂದಿನಿಂದ ಆ ಪುಸ್ತಕವನ್ನು ತೆರೆದಿಲ್ಲ. ಅಭ್ಯಾಸಬಲದಿಂದ ಒಂಬತ್ತನೆಯದನ್ನು ಕೊಂಡು ತಂದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಮೇಜಿನ ಮೇಲಿಟ್ಟೆ. ಎಂಟನೆಯದು ಮುಗಿಯದೆ ಒಂಬತ್ತನೆಯದಕ್ಕೆ ಕೈಹಾಕುವಂತಿಲ್ಲ. ಎಂಟನೆಯದನ್ನು ಮುಗಿಸಿದರೆ ನಮ್ಮಿಬ್ಬರ ನಡುವೆ ‘ನಾಳೆ’ ಎಂಬುದೊಂದು ಉಳಿಯುವುದಿಲ್ಲ. ಸಂಜೆಯಾದರೆ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಕುಳಿತು ಬೀದಿಯ ದೀಪ ಹೊತ್ತುವುದನ್ನು ನೋಡುತ್ತಿದ್ದೆ. ನನ್ನ ದನಿ ನನಗೇ ಕೇಳದೆ ಎಷ್ಟೋ ದಿನಗಳು ಕಳೆಯುತ್ತಿದ್ದವು.

ಹೀಗಿರಲು ನನ್ನ ತಂಗಿಯ ಮೊಮ್ಮಗಳು ಪರೀಕ್ಷೆ ಬರೆಯಲೆಂದು ಬಂದು ನಮ್ಮಲ್ಲಿ ಉಳಿದಳು. ರಕ್ತ ತಪಾಸಣೆಯ ಪ್ರಯೋಗಾಲಯದ ಕೆಲಸ ಕಲಿಯುತ್ತಿದ್ದಾಳೆ. ಮನೆಯಲ್ಲೆಲ್ಲ ಅವಳನ್ನು ಚೂಟಿ ಎಂದೇ ಕರೆಯುವುದು. ಬಂದ ಮರುದಿನವೇ ಪುಸ್ತಕಗಳ ಸಾಲಿನಿಂದ ಒಂದನ್ನು ತೆಗೆದು ತಿರುವುತ್ತಾ ಹುಬ್ಬೇರಿಸಿದಳು.

“ಅಜ್ಜ, ಇಷ್ಟೊಂದು ಕೊಲೆ ಮನೇಲಿಟ್ಕೊಂಡು ನಿಮಗೆ ನಿದ್ದೆ ಹೇಗೆ ಬರುತ್ತೆ?”

“ನಿನ್ನ ಗೊರಕೆ ಕೇಳಿದ ಮೇಲೆ ಅದೂ ಕಷ್ಟವೇ.”

“ನಾನೇನ್ ಗೊರಕೆ ಹೊಡೆಯಲ್ಲ! ಆದ್ರೂ ಈ ಡಾಕ್ಟರು ಸುಮ್ನೆ ರೀಲು ಬಿಡ್ತಾಳೆ. ರಕ್ತದ ವರದಿ ಅರ್ಧ ಗಂಟೇಲಿ ಬರುತ್ತಂತೆ. ನಮ್ ಲ್ಯಾಬಲ್ಲಿ ಮಿಷನ್ ಬಿಸಿ ಆಗೋಕೇ ಅಷ್ಟು ಹೊತ್ತು ಬೇಕು.”

ಡಾಕ್ಟರಮ್ಮನ ಮಾನ ಕಾಯಲು ನಾನು ನಾಲ್ಕನೆಯ ಸಂಪುಟದ ಬೂಟಿನ ಪ್ರಸಂಗವನ್ನು ಆಮೂಲಾಗ್ರವಾಗಿ ನಿರೂಪಿಸಿದೆ. ಕಿತ್ತ ಉಗುರು ಈಗಲೂ ಸೊಟ್ಟವಾಗಿರುವುದನ್ನು ಸಾಕ್ಷಿಯಾಗಿ ತೋರಿಸಿದೆ. ಅವಳು ಟೀ ಹೀರುತ್ತಾ “ಪರವಾಗಿಲ್ವೇ ಅಜ್ಜ” ಎಂದು ಓದಲು ಎದ್ದುಹೋದಳು.

ಪರೀಕ್ಷೆ ಮುಗಿದ ಮಧ್ಯಾಹ್ನ ನಾನು ಪೇಟೆಯಿಂದ ಮರಳಿದಾಗ ಅವಳು ನನ್ನ ಹೆಂಡತಿಯ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು ಎಂಟನೆಯ ಸಂಪುಟದ ಕೊನೆಯ ಪುಟ ಓದುತ್ತಿದ್ದಳು. ಕೆಂಪು ದಾರದ ತುಣುಕುಗಳು ನೆಲದ ಮೇಲಿದ್ದವು.

“ಬೆಳಿಗ್ಗೆನೇ ಪರೀಕ್ಷೆ ಮುಗೀತು, ಅಜ್ಜ. ಆಗಿಂದ ಎದ್ದೇ ಇಲ್ಲ ನಾನು. ಪುಸ್ತಕ ಕಟ್ಟೋವಾಗ ಎಡವಟ್ಟು ಮಾಡಿದಾರೆ ನೋಡಿ, ಹಾಳೆ ಎಲ್ಲ ಸೇರಿಸಿ ಹೊಲಿದುಬಿಟ್ಟಿದ್ರು. ನಾನೇ ಬಿಡಿಸ್ದೆ” ಎಂದಳು, ಉಪಕಾರ ಮಾಡಿದವಳ ಹಿಗ್ಗಿನಿಂದ.

ನಾನು ಕೈಚೀಲ ಕೆಳಗಿಟ್ಟೆ. ಬಗ್ಗಿ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸಿದೆ.

“ಅದು ನಿನ್ನ ಅಜ್ಜಿ ಹಾಕಿದ ಹೊಲಿಗೆ” ಎಂದೆ.

ಅವಳ ಮುಖದ ಬಣ್ಣ ಇಳಿದುಹೋಯಿತು. ಕಾಲು ಕೆಳಗಿಳಿಸಿದಳು. ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರಿಸಿದೆ: ಸರದಿಯ ಓದು, ಒಂದೇ ಉಸಿರಿನ ಹೆಸರು, ಬಾರದ ನಾಳೆ.

“ಮತ್ತೆ ಹೊಲಿದುಬಿಡ್ಲಾ, ಅಜ್ಜ? ಅದೇ ತೂತಲ್ಲೇ…”

“ನಿನಗೆ ಗೊತ್ತಾಯಿತಲ್ಲ, ಇನ್ನೇನು ಹೊಲಿಯೋದು?”

ಎದುರಿನ ಮನೆಯವರು ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದೇ ಎತ್ತಿ ಒಳಗೊಯ್ದರು. ಕೊನೆಗೆ ಅವಳೇ ಅಂಜುತ್ತಾ ಕೇಳಿದಳು:

“ನೀವು ಯಾರ ಹೆಸರು ಹೇಳೋರಿದ್ರಿ?”

“ದಾದಿಯದು. ಔಷಧದ ಬೀರುವಿನ ಕೀಲಿ ಇದ್ದದ್ದು ಅವಳೊಬ್ಬಳ ಹತ್ತಿರ.”

ಚೂಟಿ ತುಟಿ ಕಚ್ಚಿಕೊಂಡಳು. ನಾನು ಸೋತೆನೆಂದು ಅಷ್ಟರಿಂದಲೇ ತಿಳಿಯಿತು.

“ಅಜ್ಜಿ?”

“ಹೇಳಲೇ ಇಲ್ಲವಲ್ಲ. ಅದೇ ಅಲ್ಲವೇ ನನ್ನನ್ನು ಕೊರೆಯುತ್ತಿರುವುದು.”

“ಹೆಸರು ಬಿಡಿ. ಓದ್ತಾ ಓದ್ತಾ ಏನಾದ್ರೂ ಗೊಣಗ್ತಾ ಇರ್ಲಿಲ್ವಾ? ನೆನಪು ಮಾಡ್ಕೊಳ್ಳಿ.”

ನಾನು ಕಣ್ಣು ಮುಚ್ಚಿದೆ. ಆ ಕೊನೆಯ ಸಂಜೆ ನಾನು ಓದುತ್ತಿದ್ದೆ. ಅವಳು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಕಥೆಯಲ್ಲಿ ಸತ್ತವಳ ಮಾವ ಹೆಣದ ಮುಂದೆ ಬಿಕ್ಕಿ ಬಿಕ್ಕಿ ಅಳುವ ಭಾಗ. ನಾನೂ ಅಳುದನಿ ತೆಗೆದಿದ್ದೆ. ಅವಳು ಹಲ್ಲಿನಿಂದ ದಾರ ತುಂಡರಿಸಿ ಏನೋ ಅಂದಿದ್ದಳು. ಏನದು?

“‘ಇಷ್ಟೊಂದು ಅಳ್ತಾನಂತೆ, ಕನ್ನಡಕ ಮಾತ್ರ ತೆಗೀಲೇ ಇಲ್ಲ ನೋಡ್ರಿ.’ ಹಾಗಂದಳು. ನನ್ನ ಓದಿನ ರಸಭಂಗ ಮಾಡಬೇಡ ಅಂತ ನಾನು ಗದರಿದೆ.”

ಚೂಟಿ ಪುಸ್ತಕವನ್ನು ತೊಡೆಯ ಮೇಲೆ ಮಗುಚಿದಳು. ಕಣ್ಣು ತುಂಬಿ, ಅದರ ನಡುವೆಯೇ ನಗು ಬಂತು.

“ಮಾವನೇ?” ಎಂದೆ.

“ಮಾವನೇ. ಕಣ್ಣೀರು ಒರೆಸೋಕೂ ಕನ್ನಡಕ ತೆಗೀಲಿಲ್ಲ, ಅಂದ್ರೆ ಅಳು ನಾಟಕ ಅಂತ ಡಾಕ್ಟರಮ್ಮಂಗೂ ಹೊಳೆಯೋದು ಕೊನೇ ಅಧ್ಯಾಯದಲ್ಲಿ.”

ಹಾಗಾದರೆ ನನ್ನ ಹೆಂಡತಿ ಆಗಲೇ ಹಿಡಿದಿದ್ದಳು. ಗುಂಡಿ ಹಚ್ಚುತ್ತಾ, ನಾನು ಗದರಿದ್ದನ್ನೂ ಲೆಕ್ಕಿಸದೆ, ಹೆಸರನ್ನು ನುಂಗಿಕೊಂಡು ಮರುದಿನಕ್ಕೆಂದು ಕಾಯುತ್ತಿದ್ದಳು. ‘ನೀನೇ ಗೆದ್ದೆ ಕಣೇ’ ಎನ್ನಬೇಕೆನಿಸಿತು. ಆ ಮಾತನ್ನು ಯಾವ ಕಡೆಗೆ ತಿರುಗಿ ಹೇಳಬೇಕೆಂದು ತಿಳಿಯಲಿಲ್ಲ. ಇಷ್ಟು ದಿನ ಎರಡು ಕುರ್ಚಿಗಳಿದ್ದ ಕೋಣೆಯಲ್ಲಿ ಆ ಗಳಿಗೆಯಲ್ಲಿ ಒಂದು ನಿಜವಾಗಿಯೂ ಖಾಲಿಯಾಯಿತು; ಚೂಟಿ ಅದರಲ್ಲಿಯೇ ಕುಳಿತಿದ್ದರೂ ಸಹ.

ಅವಳು ಎದ್ದು ಹೋಗಿ ಎರಡು ಲೋಟ ಟೀ ಮಾಡಿ ತಂದಳು. ಸಕ್ಕರೆ ಹೆಚ್ಚಾಗಿತ್ತು, ನಾನು ಹೇಳಲಿಲ್ಲ. ಈ ಬಾರಿ ಅವಳು ನೆಲದ ಮೇಲೆ, ನನ್ನ ಕಾಲ ಬಳಿ ಕುಳಿತಳು.

“ಅಜ್ಜ, ಆ ಬೂಟಿನ ಕಥೆ ಇನ್ನೊಂದ್ಸಲ ಹೇಳಿ.”

“ಅವತ್ತೇ ಪೂರ್ತಿ ಹೇಳಿದೆನಲ್ಲ.”

“ಪೂರ್ತಿ ಎಲ್ಲಿ ಹೇಳಿದ್ರಿ? ಬರೀ ನಿಮ್ಮ ಉಗುರು, ನಿಮ್ಮ ಬಕೆಟ್ಟು. ಬಕೆಟ್ಟು ಬಚ್ಚಲಲ್ಲೇ ಇತ್ತಲ್ಲ, ಅಜ್ಜಿ ಸುಮ್ನಿದ್ರಾ? ಈ ಸಲ ಅಜ್ಜಿ ಏನೇನಂದ್ರು, ಅದೆಲ್ಲಾ ಸೇರಿಸಿ ಹೇಳಿ.”