ಬೆಲ್ಲ ಬಿಟ್ಟ ರಸಾಯನ

ಗಂಡನಿಗೆ ಸಕ್ಕರೆ ಕಾಯಿಲೆ, ಸಿಹಿಯನ್ನೂ ಅನ್ನವನ್ನೂ ಕಡಿಮೆ ಮಾಡಿಸಿ ಎಂದು ಹಾಸನದ ಡಾಕ್ಟರು ಹೇಳಿದಾಗ ಹೊಳೆನರಸೀಪುರದ ನಂಜಮ್ಮನಿಗೆ ಸಿಟ್ಟೇ ಬಂತು. ಅವರಿಗೇನು, ಹೇಳಿ ಕಳಿಸಿಬಿಡುತ್ತಾರೆ. ಮಾವಿನ ಕಾಲದಲ್ಲಿ ರಸಾಯನ ಮಾಡದೆ ಇರುವುದು ಹೇಗೆ?

ವಾರವಿಡೀ ಪಟ್ಟು ಹಿಡಿದು ಹಳೆಯ ರಸಾಯನವನ್ನೇ ಬದಲಿಸಿದಳು. ಬೆಲ್ಲವನ್ನು ಪೂರ್ತಿ ಬಿಟ್ಟಳು. ನಾಲ್ಕು ಮಾವಿನಹಣ್ಣಿನ ಜಾಗದಲ್ಲಿ ಘಮಕ್ಕೆಂದು ಅರ್ಧ ಹಣ್ಣು, ಮಿಕ್ಕಿದ್ದಕ್ಕೆ ಬೀಜ ತೆಗೆದ ಸೀಬೆಹಣ್ಣು, ಗಟ್ಟಿ ಕಾಯಿಹಾಲು, ಏಲಕ್ಕಿ. ಮೊದಲ ಸಲ ಒಗರಾಯಿತು, ಎರಡನೇ ಸಲ ನೀರಾಯಿತು. ಭಾನುವಾರದ್ದು ಮಾತ್ರ ನಾಲಿಗೆಗೆ ಹಿತವಾಗಿತ್ತು.

ಗಂಡ ರಂಗಸ್ವಾಮಿ ಸದ್ದಿಲ್ಲದೆ ಎರಡು ಸಲ ಹಾಕಿಸಿಕೊಂಡ. ರಜೆಗೆ ಬಂದಿದ್ದ ಮೊಮ್ಮಗಳು ನಿಸರ್ಗ ಅವನ ತಟ್ಟೆಯನ್ನೇ ನೋಡುತ್ತಿದ್ದಳು.

"ಅಜ್ಜಿ, ರಸಾಯನದ ಅಡೀಲಿರೋದು ಏನು?"

"ಒತ್ತುಶಾವಿಗೆ ಕಣವ್ವ. ಶಾವಿಗೆ ಇಲ್ದೆ ಬರೀ ರಸಾಯನ ಯಾರು ತಿಂತಾರೆ?"

"ಅಕ್ಕೀದಾ?"

ನಂಜಮ್ಮನ ಸೌಟು ಕೈಯಲ್ಲೇ ನಿಂತಿತು. ಹಿಂದಿನ ಸಂಜೆ ಅಕ್ಕಿ ನೆನೆಹಾಕಿದ್ದು ಅವಳೇ, ರುಬ್ಬಿ ಬೇಯಿಸಿದ್ದೂ ಅವಳೇ. ರಸಾಯನ ಎಂದೊಡನೆ ಕೈ ತಾನಾಗಿ ಅಕ್ಕಿ ಡಬ್ಬಕ್ಕೆ ಹೋಗಿತ್ತು. ಬಿಸಿ ಉಂಡೆಗಳನ್ನು ಶಾವಿಗೆ ಒರಳಿಗೆ ಹಾಕಿ ಒತ್ತಿಕೊಟ್ಟವನು ರಂಗಸ್ವಾಮಿ.

"ನಿಮ್ಗಾದ್ರೂ ಗೊತ್ತಾಗ್ಲಿಲ್ವಾ?" ಎಂದು ಅವನ ಮೇಲೆ ಹರಿಹಾಯ್ದಳು.

ಅವನು ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ನೀನು ಅಕ್ಕಿ ತೊಳೀವಾಗ್ಲೇ ಗೊತ್ತಾಯ್ತು ಕಣೆ. ಬಾಯಿ ಬಿಟ್ರೆ ಇದೂ ಓಯ್ತದೆ ಅಂತ ಸುಮ್ಕೆ ಒತ್ತಿದೆ."