ಗಾಜಿನಾಚೆಯ ಎರಡನೆಯ ದನಿ

ವ್ಲೋರ ಎಂಬ ಕರಾವಳಿ ಊರಿನ ಆಸ್ಪತ್ರೆಯಲ್ಲಿ ಫೆರೂಜೆಯನ್ನು ಗಾಜಿನ ಕೋಣೆಯೊಳಗೆ ಇಟ್ಟಿದ್ದರು. ಶ್ವಾಸಕೋಶ ಕೆಟ್ಟಿತ್ತು, ಸೋಂಕಿನ ಭಯಕ್ಕೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಅವಳ ಅಣ್ಣನ ಮಗಳು ರುಡಿನಾ ನೆಲದ ಮೇಲೆ ಕೂತು ತನ್ನ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನ ಜೊತೆ ಗುದ್ದಾಡುತ್ತಿದ್ದಳು. ಅತ್ತೆಯ ಮುಂದೆ ಒಂದು ಮೈಕು, ಕಿವಿಗೆ ಒಂದು ಹೆಡ್‌ಫೋನು. ಎರಡರ ವಯರೂ ಬಾಗಿಲ ಸಂದಿಯಿಂದ ಈಚೆಗೆ ಬಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಮೈಕಿನ ಪೆಟ್ಟಿಗೆಗೆ ಸೇರಿದ್ದವು; ರುಡಿನಾಳ ಬಳಿಯೂ ಅಂಥದೇ ಒಂದು ಜೊತೆ. ಇನ್ನೊಂದೇ ಒಂದು ಸಲ ಇಬ್ಬರೂ ಕೂಡಿ ಹಾಡಬೇಕು, ಅಷ್ಟೇ ಆಸೆ. ಡಾಕ್ಟರು ನಾಳೆಯ ಮಾತನ್ನೇ ಆಡುತ್ತಿರಲಿಲ್ಲ.

ಅವರ ಸೀಮೆಯ ಹಾಡನ್ನು ಒಬ್ಬರು ಎತ್ತಿಕೊಡುತ್ತಾರೆ, ಎರಡನೆಯವರು ಆ ಉಸಿರು ಮುಗಿಯುವ ಮೊದಲೇ ಹಿಡಿದು ತಿರುಗಿಸುತ್ತಾರೆ. ಕೂದಲೆಳೆಯಷ್ಟು ತಡವಾದರೂ ಹಾಡು ನಡುವೆ ಕಡಿದುಹೋಗುತ್ತದೆ. ಹಾಗೆ ಹಿಡಿಯುವುದರಲ್ಲಿ ಫೆರೂಜೆಯನ್ನು ಮೀರಿಸಿದವರು ಆ ಕರಾವಳಿಯಲ್ಲೇ ಇರಲಿಲ್ಲ. ಮದುವೆ ಮನೆಗಳಲ್ಲಿ ತಡವಾಗಿ ಹಿಡಿದ ಹೆಂಗಸರಿಗೆ ಎಲ್ಲರೆದುರೇ ಮಂಗಳಾರತಿ ಎತ್ತುತ್ತಿದ್ದವಳು. ಈಗ ಅವಳ ದನಿಯೇ ಹಿಂದೆ ಬೀಳುತ್ತಿತ್ತು.

"ಏ ಹುಡುಗಿ, ನಿನ್ನ ಡಬ್ಬ ನಿದ್ದೆ ಹೊಡೀತಿದ್ಯೋ ಏನು?" ಎಂದಳು ಅತ್ತೆ ಮೈಕಿನಲ್ಲಿ.

"ಇರು ಅತ್ತೆ, ಎಬ್ಬಿಸ್ತೀನಿ."

ಲ್ಯಾಪ್‌ಟಾಪಿನೊಳಗೆ ನಿಜಕ್ಕೂ ಜಗಳ ನಡೆದಿತ್ತು. ಮೈಕಿನ ಪೆಟ್ಟಿಗೆಗೆ ಸಿಗಬೇಕಾದ ಮೊದಲ ಜಾಗದಲ್ಲಿ ಟಿವಿಗೆ ದನಿ ಕಳಿಸುವ ಭಾಗ ಬಂದು ಕೂತಿತ್ತು. ಟಿವಿಯೇ ಇಲ್ಲದ ಕಡೆ ಅದಕ್ಕೆಂಥ ದೊಡ್ಡಸ್ತಿಕೆಯೋ! ರುಡಿನಾ ಅದನ್ನು ಬಂದ್ ಮಾಡಿದಳು. ಲ್ಯಾಪ್‌ಟಾಪಿನ ಕ್ಯಾಮೆರಾ, ಮೈಕಿನ ಪೆಟ್ಟಿಗೆ ಎರಡೂ ಒಂದೇ ಯುಎಸ್‌ಬಿ ದಾರಿಯಲ್ಲಿ ಕಿತ್ತಾಡುತ್ತಿದ್ದವು; ಪೆಟ್ಟಿಗೆಯನ್ನು ಆಚೆ ಬದಿಗೆ ಚುಚ್ಚಿದಳು. ದನಿಯನ್ನು ಚೂರು ಹೊತ್ತು ಹಿಡಿದಿಡುವ ಬಫರ್ ಇಳಿಸಿದರೆ ಚಟಪಟ ಸದ್ದು ಬಂತು, ವೈಫೈ ಆರಿಸಿದ ಮೇಲೆ ಅದೂ ನಿಂತಿತು. ನರ್ಸ್ ಲೀರಿ ಚಹಾ ತಂದಿಟ್ಟು, "ಅತ್ತೆ ಮುಖ ನೋಡೇ ತಾಯಿ, ಆ ಪರದೆಯಲ್ಲೇನಿದೆ?" ಎಂದು ಗದರಿದಳು.

ರುಡಿನಾ ತಲೆಯೆತ್ತಿದಳು. ಅತ್ತೆ ಕೆಮ್ಮಿದಳು, ತುಟಿ ಅಲುಗಿದಾಗಲೇ ಕೆಮ್ಮು ರುಡಿನಾಳ ಕಿವಿಯಲ್ಲಿತ್ತು. ತನ್ನ ದನಿ ಒಳಗೆ ಅತ್ತೆಯ ಕಿವಿಗೆ ಹೋಗುವ ದಾರಿಯನ್ನೂ ಅಳೆದಳು, ಅದೂ ಸರಿಯಿತ್ತು. ಗೆದ್ದೆನೆಂಬ ಖುಷಿಯಲ್ಲಿ ಹಾಡು ಎತ್ತಿದಳು.

ಉಸಿರಿನ ತುದಿಗೆ ಬಂದಳು. ಅತ್ತೆ ಹಿಡಿಯಲಿಲ್ಲ. ಗಾಜಿನಾಚೆ ಬಾಯಿ ತೆರೆದೇ ಇತ್ತು, ಎದೆ ಗಾಳಿಗಾಗಿ ಒದ್ದಾಡುತ್ತಿತ್ತು. ಹಾಡು ಕಡಿದುಹೋದ ಮೇಲೆ ಆ ದನಿ ಹೊರಟಿತು, ತುಟಿಯ ಜೊತೆಜೊತೆಗೇ. ಯಂತ್ರದ ತಡವನ್ನೆಲ್ಲ ರುಡಿನಾ ತೆಗೆದಿದ್ದಳು, ಉಳಿದದ್ದು ಅತ್ತೆಯದು.

"ಸರಿಹೋಯ್ತೇನೇ?" ಎಂದಳು ಫೆರೂಜೆ.

"ಇಲ್ಲ ಅತ್ತೆ. ದರಿದ್ರದ್ದು, ಇನ್ನೂ ತಡ ಮಾಡ್ತಿದೆ."

ಇಷ್ಟು ವರ್ಷ ರುಡಿನಾಳ ಉಸಿರನ್ನೇ ಕಾದು ಹಾಡಿದ ಅತ್ತೆಗೆ ಅವಳ ಸುಳ್ಳು ತಿಳಿಯದೆ ಇರುತ್ತದೆಯೇ?

"ಹೌದು, ಅದರದ್ದೇ ತಪ್ಪು," ಎಂದಳು. "ನನ್ನ ಮಣ್ಣಿಗೆ ಬಂದ ಹೆಂಗಸ್ರು, ಯಾಕೆ ತಡವಾಯ್ತು ಅಂತ ಕೇಳಿದ್ರೂ ಹಾಗೇ ಹೇಳು."